ಹೊಸ ಗ್ಯಾಸ್ಕೆಟ್ ಹಾಕಿದರೂ ನೀರು ಇಳಿಯುವುದೇಕೆ?

ಪ್ರಶ್ನೆ: ನನ್ನ ಹಳೆಯ ಮಾರುತಿ 800 ಕಾರಿನ ಎಂಜಿನ್ ಅನ್ನು ಮನೆಯಂಗಳದಲ್ಲಿಯೇ ಬಿಚ್ಚಿ, ಹೊಸ ರಿಂಗ್ ಮತ್ತು ಬೇರಿಂಗ್ ಹಾಕಿ, ವಾಲ್ವ್‌ಗಳನ್ನು ಉಜ್ಜಿ ಕೂರಿಸಿ, ಎಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವೆ ಕೂರುವ ಹೊಸ ಹೆಡ್ ಗ್ಯಾಸ್ಕೆಟ್‌ನೊಂದಿಗೆ ಕಟ್ಟಿದೆ. ಹಳೆಯ ಗ್ಯಾಸ್ಕೆಟ್‌ನ ಅಂಟು ಬಿಡದಿದ್ದುದರಿಂದ ಹೆಡ್ ಮುಖವನ್ನು ಎಮರಿ ಚಕ್ರದಿಂದ ಉಜ್ಜಿದ್ದೇನೆ. ಕೆಲವು ದಿನ ಗಾಡಿ ಚೆನ್ನಾಗಿ ಓಡಿತು. ಈಗ ರೇಡಿಯೇಟರ್ ನೀರು ದಿನವೂ ಇಳಿಯುತ್ತಿದೆ. ಹೊರಗೆ ಎಲ್ಲಿಯೂ ಸೋರಿಕೆ ಕಾಣುವುದಿಲ್ಲ. ಕೊಪ್ಪಳ ಮುಟ್ಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿರುತ್ತದೆ. ಗ್ಯಾಸ್ಕೆಟ್ ಇನ್ನೊಮ್ಮೆ ಬದಲಿಸಿದರೂ ಫಲ ಸಿಗಲಿಲ್ಲ. ಮುಂದಿನ ಸಲ ಎರಡೂ ಬದಿಗೆ ಸೀಲೆಂಟ್ ಬಳಿಯಬೇಕೆಂದು ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಗಂಗಾವತಿ

ಉತ್ತರ: ಮೂರನೆಯ ಗ್ಯಾಸ್ಕೆಟ್ ಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಹೊಸ ಗ್ಯಾಸ್ಕೆಟ್ ಎರಡು ಸಲವೂ ಸೋರಿದ್ದರೆ ದೋಷ ಗ್ಯಾಸ್ಕೆಟ್‌ನಲ್ಲಿರುವ ಸಂಭವ ಕಡಿಮೆ. ಅದನ್ನು ಒತ್ತಿ ಹಿಡಿಯಬೇಕಾದ ಮೇಲ್ಮೈಗಳಲ್ಲಿ, ಬೋಲ್ಟ್‌ಗಳಲ್ಲಿ, ಇಲ್ಲವೇ ಎಂಜಿನ್ ಕಾಯುವುದಕ್ಕೆ ಕಾರಣವಾದ ಬೇರೆ ಯಾವುದಾದರೂ ಭಾಗದಲ್ಲಿ ದೋಷ ಉಳಿದಿರುತ್ತದೆ. ಆ ಕಾರಣ ತಿಳಿಯದೆ ಹೆಡ್ ಬಿಚ್ಚಿದರೆ ಅದೇ ಸೋರಿಕೆ ಮರುಕಳಿಸುತ್ತದೆ. ಸೀಲೆಂಟ್ ಬಳಿಯುವುದಂತೂ ಬೇಡ. ತಯಾರಕರು ನಿರ್ದಿಷ್ಟ ಜಾಗ ತೋರಿಸಿ ಹೇಳಿರದಿದ್ದರೆ ಹೆಡ್ ಗ್ಯಾಸ್ಕೆಟ್ ಅನ್ನು ಒಣಗಿದ, ಎಣ್ಣೆ ಜಿಡ್ಡಿಲ್ಲದ ಮುಖಗಳ ನಡುವೆ ಹಾಗೆಯೇ ಕೂರಿಸಬೇಕು. ಹೆಚ್ಚಾದ ಸೀಲೆಂಟ್ ಹಿಂಡಿ ಹೊರಬಂದು ಆಯಿಲ್ ಮತ್ತು ನೀರಿನ ಕಿರುದಾರಿಗಳನ್ನು ಮುಚ್ಚುವ ಅಪಾಯವಿದೆ.

ಮೊದಲು ಇದು ನಿಜವಾಗಿಯೂ ಗ್ಯಾಸ್ಕೆಟ್ ಸೋರಿಕೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಹೊಸದಾಗಿ ಕಟ್ಟಿದ ಎಂಜಿನ್‌ನ ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೂ, ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸೋತಿದ್ದರೂ, ಎಂಜಿನ್ ಕಾದಾಗ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ ತೆರೆಯದಿದ್ದರೂ ನೀವು ಬರೆದಂಥ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು, ಕಂಠದವರೆಗೆ ನೀರು ತುಂಬಿ, ಎಂಜಿನ್ ಚಾಲೂ ಮಾಡಿ ನೋಡಿ. ಸಿಕ್ಕಿಕೊಂಡ ಗಾಳಿಯಾದರೆ ಗುಳ್ಳೆಗಳು ಬಿಟ್ಟು ಬಿಟ್ಟು ಬಂದು, ಥರ್ಮೋಸ್ಟಾಟ್ ತೆರೆದು ನೀರು ಸುತ್ತತೊಡಗಿದ ಮೇಲೆ ನಿಂತುಹೋಗುತ್ತವೆ. ಗುಳ್ಳೆಗಳು ಚಾಲೂ ಮಾಡಿದ ಕ್ಷಣದಿಂದಲೇ ಸತತವಾಗಿ ಬರುತ್ತ, ಆಕ್ಸಿಲರೇಟರ್ ಒತ್ತಿದಂತೆಲ್ಲ ಹೆಚ್ಚಾದರೆ ಸಿಲಿಂಡರಿನ ಉರಿಗಾಳಿ ನೀರಿಗೆ ನುಗ್ಗುತ್ತಿದೆ ಎಂದೇ ತಿಳಿಯಬೇಕು. ಮುಚ್ಚಳ ಹಾಕಿಯೂ ಒಮ್ಮೆ ನೋಡಿ: ಎಂಜಿನ್ ಇನ್ನೂ ಕಾಯುವ ಮುನ್ನವೇ, ಒಂದೆರಡು ನಿಮಿಷದಲ್ಲಿ, ಮೇಲಿನ ಹೋಸ್ ಹಿಂಡಲಾಗದಷ್ಟು ಗಟ್ಟಿಯಾಯಿತೆಂದರೆ ಅದು ಬಿಸಿಯಿಂದ ಹುಟ್ಟಿದ ಒತ್ತಡವಲ್ಲ. ಆದರೆ ಕಾದ ಎಂಜಿನ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡ ಇಳಿದ ಕೂಡಲೇ ನೀರು ಕುದಿದು ಮೈಮೇಲೆ ಚಿಮ್ಮುತ್ತದೆ.

ಯಾವ ಸಿಲಿಂಡರ್ ಎಂಬುದನ್ನು ತಿಳಿಯಲು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕಾಗುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಒಂದು ಪಿಸ್ಟನ್ ಅನ್ನು ಕಂಪ್ರೆಷನ್ ಸ್ಟ್ರೋಕ್‌ನ ತುದಿಗೆ ತಂದು, ಅಂದರೆ ಎರಡೂ ವಾಲ್ವ್ ಮುಚ್ಚಿರುವಾಗ, ಗಾಡಿಯನ್ನು ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ರಂಧ್ರಕ್ಕೆ ಅಡಾಪ್ಟರ್ ಜೋಡಿಸಿ ನಿಧಾನವಾಗಿ ಗಾಳಿ ಬಿಡಿ. ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ತಿರುಗಬಹುದಾದ್ದರಿಂದ ಪುಲ್ಲಿ, ಬೆಲ್ಟ್‌ಗಳ ಬಳಿ ಕೈ ಇರಬಾರದು. ರೇಡಿಯೇಟರ್ ಕಂಠದಲ್ಲಿ ಗುಳ್ಳೆ ಎದ್ದರೆ ಸೋರುತ್ತಿರುವುದು ಆ ಸಿಲಿಂಡರೇ. ಪಕ್ಕದ ಪ್ಲಗ್ ರಂಧ್ರದಲ್ಲಿ ಗಾಳಿ ಬುಸುಗುಟ್ಟಿದರೆ ಎರಡು ಸಿಲಿಂಡರುಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಗ್ಯಾಸ್ಕೆಟ್ ಕಿತ್ತಿದೆ. ಕಂಪ್ರೆಷನ್ ಗೇಜ್ ಇದ್ದರೆ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕಡಿಮೆ ತೋರಿಸುವುದೂ ಇದೇ ದೋಷದ ಗುರುತು.

ಈ ಪರೀಕ್ಷೆ ಮುಗಿದ ಮೇಲಷ್ಟೇ ಹೆಡ್ ಬಿಚ್ಚಿ. ಹಳೆಯ ಗ್ಯಾಸ್ಕೆಟ್ ಅನ್ನು ಎಸೆಯಬೇಡಿ. ಸಿಲಿಂಡರ್ ಸುತ್ತಲಿನ ಲೋಹದ ಬಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ಒತ್ತಡ ಸರಿಯಾಗಿ ಬಿದ್ದಲ್ಲಿ ಹೊಳೆಯುವ ಅಚ್ಚೂ, ಉರಿಗಾಳಿ ದಾಟಿದಲ್ಲಿ ನೀರಿನ ರಂಧ್ರದ ಕಡೆಗೆ ಹೊರಟ ಕಪ್ಪು ಗೆರೆಯೂ ಕಾಣುತ್ತವೆ. ನೀರು ಒಳನುಗ್ಗಿದ ಸಿಲಿಂಡರಿನ ಪಿಸ್ಟನ್ ತಲೆ ಹಬೆಯಿಂದ ತೊಳೆದು ಉಳಿದವುಗಳಿಗಿಂತ ಸ್ವಚ್ಛವಾಗಿರುತ್ತದೆ. ಕಪ್ಪು ಗೆರೆ ಎಲ್ಲಿದೆಯೋ ಅದಕ್ಕೆ ನೇರವಾಗಿ ಹೆಡ್ ಮತ್ತು ಬ್ಲಾಕ್ ಎರಡರ ಮೇಲೂ ಗುರುತು ಮಾಡಿಕೊಳ್ಳಿ. ಗ್ಯಾಸ್ಕೆಟ್ ತಲೆಕೆಳಗಾಗಿ ಕೂತು ಯಾವುದಾದರೂ ರಂಧ್ರ ಮುಚ್ಚಿತ್ತೇ, ಹೆಡ್ ಅನ್ನು ಸರಿಯಾದ ಜಾಗಕ್ಕೆ ತರುವ ಡೋವೆಲ್‌ಗಳು ತಮ್ಮ ಸ್ಥಾನದಲ್ಲಿವೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದಿರುವುದು ಎಮರಿ ಚಕ್ರದ ಮಾತು. ಹೆಡ್‌ನ ಅಲ್ಯುಮಿನಿಯಂ ಮೃದುವಾದ ಲೋಹ. ತಿರುಗುವ ಚಕ್ರ ಒಂದೇ ಕಡೆ ಕೆಲವು ಕ್ಷಣ ನಿಂತರೂ ಅಲ್ಲಿ ತಗ್ಗು ಬೀಳುತ್ತದೆ, ಮತ್ತು ಆ ತಗ್ಗು ಕಣ್ಣಿಗೂ ಬೆರಳಿಗೂ ಸಿಗುವುದಿಲ್ಲ. ಆದ್ದರಿಂದ ನಿಖರವಾದ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಲೋಹದ ಪಟ್ಟಿ) ಅನ್ನು ಹೆಡ್ ಮೇಲೆ ಉದ್ದಕ್ಕೂ ಅಡ್ಡಕ್ಕೂ ಎರಡು ಕರ್ಣಗಳಿಗೂ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳು) ತೂರಿಸಿ ನೋಡಬೇಕು. ಅನೇಕ ಸಣ್ಣ ಕಾರುಗಳಲ್ಲಿ 0.05 ಮಿ.ಮೀ.ಗಿಂತ ಹೆಚ್ಚಿನ ಸೊಟ್ಟ ಒಪ್ಪಿಗೆಯಲ್ಲ. ನಿಮ್ಮ ಎಂಜಿನ್‌ನ ಮಿತಿ ಮ್ಯಾನ್ಯುಯಲ್‌ನಲ್ಲಿರುತ್ತದೆ. ಮನೆಯಲ್ಲಿರುವ ಮರಗೆಲಸದ ಪಟ್ಟಿಯಿಂದ ಈ ಅಳತೆ ಸಾಧ್ಯವಿಲ್ಲ. ಹೆಡ್ ಅನ್ನು ಎಂಜಿನ್ ಕೆಲಸದ ಲೇತ್ ಅಂಗಡಿಗೆ ಒಯ್ದು, ಫೇಸಿಂಗ್ (ಮುಖವನ್ನು ಸಮತಟ್ಟು ಮಾಡುವ ಕೆಲಸ) ಮಾಡಿಸುವ ಮೊದಲು ಒತ್ತಡ ಹಾಕಿ ಬಿರುಕು ಪರೀಕ್ಷೆ ಮಾಡಿಸಿ. ವಾಲ್ವ್ ಸೀಟುಗಳ ನಡುವೆ ಬಿರುಕಿದ್ದರೆ ಫೇಸಿಂಗ್‌ಗೆ ಕೊಡುವ ಹಣ ವ್ಯರ್ಥ. ಕನಿಷ್ಠ ಎಷ್ಟು ಬೇಕೋ ಅಷ್ಟೇ ಲೋಹ ತೆಗೆಯಲು ಹೇಳಿ, ಏಕೆಂದರೆ ಹೆಡ್ ತೆಳುವಾದಷ್ಟೂ ಕಂಪ್ರೆಷನ್ ಹೆಚ್ಚುತ್ತದೆ. ಬ್ಲಾಕ್‌ನ ಮುಖವನ್ನು ಹೆಚ್ಚಿನವರು ಅಳೆಯುವುದೇ ಇಲ್ಲ. ಅದನ್ನೂ ಹೀಗೆಯೇ ಅಳೆಯಿರಿ. ಎಮರಿ ಪುಡಿ ಆಯಿಲ್ ದಾರಿಗೆ ಇಳಿದಿದ್ದರೆ ನೀವು ಹಾಕಿದ ಹೊಸ ಬೇರಿಂಗ್‌ಗಳನ್ನು ತಿನ್ನುತ್ತದೆ. ಹೆಡ್ ಬಿಚ್ಚಿದಾಗ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ, ಸಾಧ್ಯವಾದರೆ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ತೊಳೆಯಿರಿ.

ಇನ್ನು ಬೋಲ್ಟ್‌ಗಳು. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ತೋರಿಸುವ ಬಲದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಹೆಡ್ ಅನ್ನು ಒತ್ತುತ್ತದೆ. ಉಳಿದದ್ದೆಲ್ಲ ಬೋಲ್ಟ್ ತಲೆಯ ಅಡಿಯ ಮತ್ತು ಮರೆಯ (ಥ್ರೆಡ್‌ನ) ಘರ್ಷಣೆಗೆ ಹೋಗುತ್ತದೆ. ಮರೆಯಲ್ಲಿ ತುಕ್ಕು ಅಥವಾ ಮಣ್ಣು ಇದ್ದರೆ ರೆಂಚ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಹೆಡ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಸಂಡೂರು, ತೋರಣಗಲ್ಲು ಕಡೆ ಗಾಳಿಯಲ್ಲಿ ತೇಲುವ ಅದಿರಿನ ಧೂಳು ಎಣ್ಣೆ ಸವರಿದ ಬೋಲ್ಟ್‌ಗೆ ಕೂಡಲೇ ಹತ್ತುತ್ತದೆ. ನಿಮ್ಮ ಕಡೆ ಗದ್ದೆಯ ಒಣಮಣ್ಣೂ ಕಡಿಮೆಯೇನಲ್ಲ. ಅಂಗಳದಲ್ಲಿ ಕೆಲಸ ಮಾಡುವವರು ಬೋಲ್ಟ್‌ಗಳನ್ನು ಬಟ್ಟೆಯಲ್ಲಿ ಮುಚ್ಚಿಟ್ಟು, ಗಾಳಿಯಿಲ್ಲದ ಹೊತ್ತಿನಲ್ಲಿ ಹೆಡ್ ಕೂರಿಸುವುದು ಒಳ್ಳೆಯದು. ಬ್ಲಾಕ್‌ನ ಬೋಲ್ಟ್ ರಂಧ್ರಗಳ ತಳದಲ್ಲಿ ನೀರಾಗಲಿ ಎಣ್ಣೆಯಾಗಲಿ ನಿಂತಿದ್ದರೆ ಬೋಲ್ಟ್ ಆ ದ್ರವವನ್ನು ಒತ್ತಿ, ಪೂರ್ತಿ ಇಳಿಯದೆ ಅಲ್ಲಿಯೇ ನಿಂತುಬಿಡುತ್ತದೆ. ಬ್ಲಾಕ್ ಸೀಳುವುದೂ ಉಂಟು. ಪ್ರತಿ ರಂಧ್ರವನ್ನೂ ಗಾಳಿಯಿಂದ ಊದಿ ಒಣಗಿಸಿ. ಮ್ಯಾನ್ಯುಯಲ್ ಹೇಳಿದ್ದರೆ ಮಾತ್ರ ಮರೆಗೆ ತೆಳುವಾಗಿ ಆಯಿಲ್ ಸವರಿ, ನಡುವಿನ ಬೋಲ್ಟ್‌ನಿಂದ ಆರಂಭಿಸಿ ಹೊರಕ್ಕೆ ಸಾಗುತ್ತ, ಹಂತ ಹಂತವಾಗಿ ಬಿಗಿಯಿರಿ. ಕೋನ ಅಳೆದು ಬಿಗಿಯುವ ಬಗೆಯ ಬೋಲ್ಟ್‌ಗಳು ಒಮ್ಮೆ ಎಳೆದುಕೊಂಡ ಮೇಲೆ ಸಾಮಾನ್ಯವಾಗಿ ಮರುಬಳಕೆಗೆ ಬರುವುದಿಲ್ಲ.

ಕೊನೆಗೆ, ಗಾಡಿ ಒಮ್ಮೆ ಅತಿಯಾಗಿ ಕಾದಿದ್ದರೆ ಅದೇ ಸೋರಿಕೆಗೆ ಮೂಲವಾಗಿರಬಹುದು. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅತಿಯಾಗಿ ಕಾದ ಹೆಡ್ ಉಕ್ಕಿನ ಬೋಲ್ಟ್‌ಗಳಿಗೆ ಎದುರಾಗಿ ಹಿಗ್ಗಿ ಗ್ಯಾಸ್ಕೆಟ್ ಅನ್ನು ಅತಿಯಾಗಿ ಹಿಂಡುತ್ತದೆ; ತಣ್ಣಗಾದಾಗ ಹಿಂಡಿಹೋದ ಗ್ಯಾಸ್ಕೆಟ್ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಹೊಸ ಗ್ಯಾಸ್ಕೆಟ್ ಜೊತೆಗೆ ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ, ಫ್ಯಾನ್ ಸ್ವಿಚ್ ಮೂರನ್ನೂ ಪರೀಕ್ಷಿಸದೆ ಗಾಡಿಯನ್ನು ರಸ್ತೆಗಿಳಿಸಬೇಡಿ.

ಪ್ರಶ್ನೆ: ಹೆಡ್ ಕೆಲಸ ಮಾಡಿಸಿದ ಮೇಲೆ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಬಹುದೇ? ಕೂಲಂಟ್ ಚಳಿ ದೇಶಗಳಿಗಷ್ಟೇ ಬೇಕು ಎನ್ನುತ್ತಾರೆ.
– ಓದುಗರು, ರಾಯಚೂರು

ಉತ್ತರ: ಬೋರ್‌ವೆಲ್ ನೀರು ಹಾಕಬೇಡಿ. ಗಡಸು ನೀರಿನ ಸುಣ್ಣ ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳುವುದು ಅತಿ ಬಿಸಿಯಾದ ಜಾಗಗಳಲ್ಲಿ, ಅಂದರೆ ಹೆಡ್‌ನ ಎಕ್ಸಾಸ್ಟ್ ಬದಿಯ ನೀರಿನ ದಾರಿಗಳಲ್ಲಿ. ಅಲ್ಲಿ ಶಾಖ ನೀರಿಗೆ ದಾಟದೆ ಲೋಹದಲ್ಲಿಯೇ ಉಳಿದು ಹೆಡ್ ಸೊಟ್ಟಾಗುತ್ತದೆ. ಕೂಲಂಟ್ ಹೆಪ್ಪುಗಟ್ಟುವಿಕೆಯನ್ನು ತಡೆಯುವುದರ ಜೊತೆಗೆ ಕುದಿಬಿಂದುವನ್ನು ಏರಿಸುತ್ತದೆ ಮತ್ತು ಅಲ್ಯುಮಿನಿಯಂ ಕೊರೆಯದಂತೆ ಕಾಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅನ್ನು ಸಮಪಾಲು ಬೆರೆಸಿ ತುಂಬಿ. ಸಿದ್ಧವಾಗಿ ಬೆರೆತ ಕೂಲಂಟ್ ಆದರೆ ನೀರು ಸೇರಿಸಬಾರದು. ಮುಚ್ಚಳವೂ ಸರಿಯಿರಲಿ: 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳದಡಿ ಬರಿಯ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ.

ಪ್ರಶ್ನೆ: ಎಂಜಿನ್ ಕಟ್ಟಿದ ಮೇಲೆ ಹೆಡ್ ಮತ್ತು ಬ್ಲಾಕ್ ಸೇರುವ ಒಂದು ಮೂಲೆಯಲ್ಲಿ ಆಯಿಲ್ ಜಿನುಗುತ್ತಿದೆ. ನೀರು ಕಡಿಮೆಯಾಗಿಲ್ಲ. ಬೋಲ್ಟ್‌ಗಳನ್ನು ಇನ್ನಷ್ಟು ಬಿಗಿದರೆ ಸಾಕೇ?
– ಓದುಗರು, ಬಳ್ಳಾರಿ

ಉತ್ತರ: ಬೋಲ್ಟ್ ಮುಟ್ಟುವ ಮೊದಲು ಆ ಭಾಗವನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು ಒರೆಸಿ, ಸುತ್ತ ಟಾಲ್ಕಮ್ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ನೋಡಿ. ಪೌಡರ್ ಒದ್ದೆಯಾದ ದಾರಿಯನ್ನು ಹಿಡಿದು ಮೇಲೆ ಹೋದರೆ ಆಯಿಲ್ ಎಲ್ಲಿಂದ ಇಳಿಯುತ್ತಿದೆ ಎಂಬುದು ತಿಳಿಯುತ್ತದೆ. ಹೆಡ್ ಮೇಲಿನ ಟ್ಯಾಪೆಟ್ ಕವರ್ ಗ್ಯಾಸ್ಕೆಟ್‌ನಿಂದ ಇಳಿದ ಆಯಿಲ್ ಹೆಡ್ ಅಂಚಿನಲ್ಲಿ ನಿಂತು ಹೆಡ್ ಗ್ಯಾಸ್ಕೆಟ್ ಸೋರಿದಂತೆ ಕಾಣುವುದು ತೀರ ಸಾಮಾನ್ಯ. ಹೆಡ್ ಗ್ಯಾಸ್ಕೆಟ್‌ನಿಂದಲೇ ಬರುತ್ತಿದ್ದರೆ, ಮರುಬಿಗಿತ ಬೇಕೆಂದು ಗ್ಯಾಸ್ಕೆಟ್ ತಯಾರಕರು ಹೇಳಿದ್ದರೆ ಮಾತ್ರ ಅವರ ಕ್ರಮದಂತೆ ಬಿಗಿಯಿರಿ. ಪದರ ಪದರದ ಉಕ್ಕಿನ ಗ್ಯಾಸ್ಕೆಟ್‌ಗಳಿಗೆ ಸಾಮಾನ್ಯವಾಗಿ ಮರುಬಿಗಿತ ಇರುವುದಿಲ್ಲ, ಮತ್ತು ಸೋರುವ ಮೂಲೆಯ ಒಂದೇ ಬೋಲ್ಟ್ ಅನ್ನು ಅಳತೆ ಮೀರಿ ಎಳೆದರೆ ಹೆಡ್ ಅಲ್ಲಿ ಸೊಟ್ಟಾಗಿ ಇನ್ನೊಂದು ಕಡೆ ನೀರು ಸೋರತೊಡಗುತ್ತದೆ. ಜಿನುಗು ಸಣ್ಣದಾಗಿದ್ದು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ನಿಂತಿದ್ದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಬಿಸಿ ಕೊಳವೆ) ಮೇಲೆ ಹನಿ ಬೀಳದಿದ್ದರೆ ವಾರಕ್ಕೊಮ್ಮೆ ನೋಡುತ್ತ ಓಡಿಸಬಹುದು. ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿದ್ದರೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಗಾಡಿ ನಿಲ್ಲಿಸಿ ಹೆಡ್ ಬಿಚ್ಚಲೇಬೇಕು.