ಮೇಷ್ಟ್ರ ಮೈದಾನ: ಎದುರು ಬಡಾವಣೆ ಟೀಮಿಗೆ ಹೋದವನು ದ್ರೋಹಿಯಾ?

(ಮೈಸೂರಿನಲ್ಲಿ ಫುಲ್‌ಬ್ಯಾಕ್ ಆಗಿ ಆಡಿ, ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿ ನಿವೃತ್ತರಾದ ನಮ್ಮ ಅಂಕಣಕಾರರು ಓದುಗರ ಫುಟ್‌ಬಾಲ್ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಮೇಷ್ಟ್ರೇ, ನಮ್ಮ ಬೀದಿಯಲ್ಲೇ ಬೆಳೆದ ಹುಡುಗ, ನಮ್ಮ ಸ್ಟ್ರೈಕರ್. ಈ ಸಲ ದಸರಾ ಟೂರ್ನಮೆಂಟಿಗೆ ಮುಂಚೆ ಎದುರು ಬಡಾವಣೆ ಟೀಮಿಗೆ ಸೈನ್ ಹಾಕಿಬಿಟ್ಟ. ಆ ಟೀಮ್ ಕಂಡರೆ ನಮಗೆ ಮೊದಲಿಂದಲೂ ಆಗಲ್ಲ. ಈಗ ಟೀ ಅಂಗಡಿಯಲ್ಲೂ ಯಾರೂ ಅವನನ್ನು ಮಾತಾಡಿಸುತ್ತಿಲ್ಲ. ಅವನು ಮಾಡಿದ್ದು ದ್ರೋಹ ಅಲ್ವಾ?
– ಓದುಗ, ಎನ್.ಆರ್. ಮೊಹಲ್ಲಾ, ಮೈಸೂರು

ಉತ್ತರ: ನೋಡಪ್ಪಾ, ಸಿಟ್ಟು ಬರೋದು ಸಹಜ. ಆದರೆ ದ್ರೋಹ ಅನ್ನೋದು ದೊಡ್ಡ ಮಾತು. ಅದನ್ನು ಆಡುವ ಮುಂಚೆ ಸ್ವಲ್ಪ ಲೆಕ್ಕ ನೋಡು. ಅವನ ಬೂಟು ಯಾರ ದುಡ್ಡಿನದು? ಮಂಡಿಗೆ ಪೆಟ್ಟು ಬಿದ್ದರೆ ಸ್ಕ್ಯಾನಿಂಗ್ ಖರ್ಚು ಕೊಡೋರು ಯಾರು, ಟೀಮಾ, ಅವರಪ್ಪನಾ?

ನಮ್ಮ ಕಡೆ ಈ ಜಗಳವೆಲ್ಲ ಹುಟ್ಟೋದು ಫಾರಂ ತುಂಬುವಾಗ. ಟೂರ್ನಮೆಂಟ್ ಹತ್ತಿರ ಬಂತು ಅಂದರೆ ಸೆಕ್ರೆಟರಿ ಪ್ಲಾಸ್ಟಿಕ್ ಫೈಲ್ ಹಿಡಿದು ಸ್ಕೂಟರಿನಲ್ಲಿ ಬೀದಿ ಬೀದಿ ಸುತ್ತುತ್ತಾನೆ. ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ, ಆಧಾರ್ ಜೆರಾಕ್ಸ್, ಒಂದು ಸೈನ್. ಹೋದ ವರ್ಷದ ಬಸ್ ಚಾರ್ಜ್ ಬಂದಿಲ್ಲ ಅಂತ ಒಬ್ಬ ಮುನಿಸಿಕೊಂಡಿರುತ್ತಾನೆ. ಜರ್ಸಿ ವಾಪಸ್ ಕೊಟ್ಟಿಲ್ಲ ಅಂತ ಇನ್ನೊಬ್ಬನ ಮೇಲೆ ಸೆಕ್ರೆಟರಿಗೇ ಕೋಪ. ಒಬ್ಬನೇ ಹುಡುಗ ಎರಡೂ ಟೀಮಿನ ಫಾರಂಗೆ ಸೈನ್ ಹಾಕಿ, ಪಂದ್ಯದ ಬೆಳಿಗ್ಗೆ ರೆಫರಿ ಮುಂದೆ ಎರಡೂ ಕಡೆಯವರು ಕತ್ತಿನ ಪಟ್ಟಿ ಹಿಡಿದುಕೊಂಡಿದ್ದನ್ನು ನಾನೇ ಬಿಡಿಸಿದ್ದೇನೆ. ಹುಡುಗ ಮಾತ್ರ ಗೋಲ್‌ಪೋಸ್ಟ್ ಹತ್ತಿರ ಕೂತು ಆರಾಮಾಗಿ ಶೂ ಲೇಸ್ ಕಟ್ಟುತ್ತಿದ್ದ. ಯಾರು ಗೆದ್ದರೂ ಅವನಿಗೆ ಆಟ ಸಿಗುತ್ತಿತ್ತು ನೋಡು.

ದೊಡ್ಡ ಊರುಗಳದ್ದೂ ಇದೇ ಕಥೆ. ಕೋಲ್ಕತ್ತಾದಲ್ಲಿ ಹಳೇ ಎದುರಾಳಿಗಳಾದ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಕ್ಲಬ್‌ಗಳ ನಡುವೆ ಆಟಗಾರರು ಟೀಮ್ ಬದಲಿಸುವ ಕಾಲ ಬಂದರೆ, ಸಹಿ ಹಾಕುವ ದಿನದವರೆಗೂ ಕ್ಲಬ್‌ನವರು ಅವರನ್ನು ಬಚ್ಚಿಡುತ್ತಿದ್ದರು. ಬೈಚುಂಗ್ ಭುಟಿಯಾ 1997ರ ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಪರ ಮೋಹನ್ ಬಗಾನ್ ಮೇಲೆ ಹ್ಯಾಟ್ರಿಕ್ ಹೊಡೆದರು. ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಲಕ್ಷಕ್ಕೂ ಜಾಸ್ತಿ ಜನ. ಆಮೇಲೆ ಅದೇ ಭುಟಿಯಾ ಮೋಹನ್ ಬಗಾನ್ ಜರ್ಸಿಯನ್ನೂ ಹಾಕಿದರು.

ಲಂಡನ್ನಿನ ಸೋಲ್ ಕ್ಯಾಂಬೆಲ್ ಟಾಟನ್‌ಹ್ಯಾಮ್‌ನಲ್ಲೇ ಬೆಳೆದು ಅಲ್ಲಿಗೇ ಕ್ಯಾಪ್ಟನ್ ಆದವನು. 2001ರಲ್ಲಿ ಒಪ್ಪಂದ ಮುಗಿಯಿತು. ಸೀದಾ ಆರ್ಸೆನಲ್ ಸೇರಿದ. ಅದೂ ಉತ್ತರ ಲಂಡನ್ ಟೀಮೇ, ಹುಟ್ಟಾ ಎದುರಾಳಿ. ಟಾಟನ್‌ಹ್ಯಾಮ್‌ಗೆ ಒಂದು ಪೌಂಡೂ ಬರಲಿಲ್ಲ. ಬೆಲ್ಜಿಯಂನ ಬಾಸ್ಮನ್ ಅನ್ನೋ ಆಟಗಾರ ಕೋರ್ಟಿಗೆ ಹೋಗಿ 1995ರಲ್ಲಿ ಗೆದ್ದಿದ್ದ. ಒಪ್ಪಂದ ಮುಗಿದವನನ್ನು ಕ್ಲಬ್ ಹಿಡಿದಿಟ್ಟುಕೊಳ್ಳುವಂತಿಲ್ಲ, ಹಣ ಕೇಳುವಂತಿಲ್ಲ ಅಂತ ಆಯಿತು. ಅದಕ್ಕೆ ಮುಂಚೆ ಒಪ್ಪಂದ ಮುಗಿದರೂ ಆಟಗಾರ ಕ್ಲಬ್‌ನ ಸ್ವತ್ತೇ! ಆಗ ನಿಷ್ಠೆ ಜಾಸ್ತಿ ಇತ್ತು ಅನ್ನೋರು ಇದನ್ನು ನೆನಪಿಟ್ಟುಕೊಳ್ಳಬೇಕು. ಬಾಗಿಲಿಗೆ ಬೀಗ ಹಾಕಿ, ಒಳಗಿದ್ದವನನ್ನು ನಿಷ್ಠಾವಂತ ಅಂದ ಹಾಗಾಯಿತು ಅದು.

ಕ್ಯಾಂಬೆಲ್‌ಗೆ ಹಳೇ ಮೈದಾನದಲ್ಲಿ ಕೇಳಬಾರದ ಬೈಗುಳ ಸಿಕ್ಕಿತು. ಆದರೆ 2004ರಲ್ಲಿ ಆರ್ಸೆನಲ್ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಾಗ ಅವನು ಆ ತಂಡದಲ್ಲಿದ್ದ. ಚಾಂಪಿಯನ್ ಅಂತ ಖಾತ್ರಿಯಾಗಿದ್ದೂ ಟಾಟನ್‌ಹ್ಯಾಮ್ ಮೈದಾನದಲ್ಲೇ.

ಈಗ ನಿಮ್ಮ ಹುಡುಗನ ವಿಷಯ. ಮುಖ ನೋಡಿ ಹೇಳಿ ಹೋದನಾ, ಕದ್ದು ಹೋದನಾ? ಮೈಸೂರಿನ ಗರಡಿಗಳಲ್ಲಿ ಹಳೇ ಪೈಲ್ವಾನರು ಉಸ್ತಾದರ ಕಾಲು ಮುಟ್ಟಿ ಕೇಳದೆ ಬೇರೆ ಗರಡಿಯ ಅಖಾಡಕ್ಕೆ ಇಳಿಯುತ್ತಿರಲಿಲ್ಲ. ಕದ್ದು ಹೋಗಿದ್ದರೆ ಅಷ್ಟಕ್ಕೆ ಮಾತ್ರ ಬೈಯಿರಿ. ಹೋಗಿದ್ದಕ್ಕಲ್ಲ. ಟೀ ಮಾತ್ರ ಕೊಡಿಸಿ.

ಪ್ರಶ್ನೆ: ಸರ್, ಜೇಮಿ ಕ್ಯಾರಗರ್ ಚಿಕ್ಕಂದಿನಲ್ಲಿ ಎವರ್ಟನ್ ಅಭಿಮಾನಿಯಂತೆ. ಆದರೂ ಲಿವರ್‌ಪೂಲ್‌ಗೆ ಜೀವ ಬಿಟ್ಟು ಆಡಿದ. ಇದು ನಾಟಕ ಅನ್ನಿಸಲ್ವಾ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ನಾಟಕ ಆಗಿದ್ದರೆ 737 ಪಂದ್ಯ ನಡೆಯುತ್ತಿರಲಿಲ್ಲ ಕಣಮ್ಮಾ. ಅವನೊಬ್ಬನೇ ಅಲ್ಲ. ಇಯಾನ್ ರಷ್, ರಾಬಿ ಫೌಲರ್ ಕೂಡ ಚಿಕ್ಕಂದಿನಲ್ಲಿ ಎವರ್ಟನ್ ಕಡೆಯವರೇ. ಇಬ್ಬರೂ ಲಿವರ್‌ಪೂಲ್‌ಗೆ ರಾಶಿ ಗೋಲು ಹೊಡೆದರು.

ಎರಡೂ ಒಂದೇ ಊರಿನ ಎದುರಾಳಿ ಟೀಮುಗಳು. ಇದಕ್ಕೊಂದು ತಮಾಷೆಯ ಹಿನ್ನೆಲೆ ಇದೆ. ಈಗ ಲಿವರ್‌ಪೂಲ್‌ನದಾದ ಆನ್‌ಫೀಲ್ಡ್ ಮೈದಾನದಲ್ಲಿ ಮೊದಲು ಆಡುತ್ತಿದ್ದದ್ದೇ ಎವರ್ಟನ್. ಬಾಡಿಗೆ ಜಗಳವಾಗಿ 1892ರಲ್ಲಿ ಖಾಲಿ ಮಾಡಿಕೊಂಡು ಹೋದರು. ಖಾಲಿ ಮೈದಾನಕ್ಕೆ ಮಾಲೀಕ ಹೊಸ ಟೀಮ್ ಕಟ್ಟಿದ. ಅದೇ ಲಿವರ್‌ಪೂಲ್. ಬಾಡಿಗೆ ವಿಷಯಕ್ಕೆ ಶುರುವಾದ ಹಗೆತನ, ಯೋಚನೆ ಮಾಡು! ಎವರ್ಟನ್ 2025ರಲ್ಲಿ ಹೊಸ ಸ್ಟೇಡಿಯಂಗೆ ಹೋಗುವ ತನಕ ಎರಡೂ ಮೈದಾನಗಳ ನಡುವೆ ಒಂದು ಪಾರ್ಕ್ ಅಷ್ಟೇ. ಅಲ್ಲಿ ಒಂದೇ ಮನೆಯಲ್ಲಿ ಅಣ್ಣ ಲಿವರ್‌ಪೂಲ್‌ನ ಕೆಂಪು, ತಮ್ಮ ಎವರ್ಟನ್‌ನ ನೀಲಿ.

ಹುಡುಗ ಚಿಕ್ಕ ವಯಸ್ಸಿಗೇ ಅಕಾಡೆಮಿ ಸೇರುತ್ತಾನೆ. ಜೊತೆಗೆ ಓಡಿದವರು, ಒಟ್ಟಿಗೆ ಊಟ ಮಾಡಿದವರು, ತಪ್ಪು ಮಾಡಿದಾಗ ಬೈದ ಕೋಚ್, ಇವರೇ ಅವನ ಟೀಮ್ ಆಗುತ್ತಾರೆ. ಗೋಡೆ ಮೇಲೆ ಅಂಟಿಸಿದ್ದ ಪೋಸ್ಟರ್ ಅಷ್ಟು ದೂರ ಬರಲ್ಲ. ಆಟಗಾರ ಆಡೋದು ಪಕ್ಕದಲ್ಲಿ ಓಡುತ್ತಿರುವವನಿಗಾಗಿ. ಬಣ್ಣಕ್ಕಾಗಿ ಜೀವ ಬಿಡೋದು ಅಭಿಮಾನಿಗಳ ಕೆಲಸ.

ಪ್ರಶ್ನೆ: ನಾನು ಹುಡುಗರಿಗೆ ಕೋಚಿಂಗ್ ಕೊಡುತ್ತೇನೆ. ಬೇರೆ ಟೀಮಿನ ಮೇಲೆ ಚೆನ್ನಾಗಿ ಆಡುತ್ತಾರೆ. ಪಕ್ಕದ ಬಡಾವಣೆ ಟೀಮ್ ಎದುರಾದರೆ ಮಾತ್ರ ತಲೆ ಕೆಟ್ಟು ರೆಡ್ ಕಾರ್ಡ್ ತಗೋತಾರೆ. ಏನು ಮಾಡಲಿ?
– ಕೋಚ್, ಹೆಬ್ಬಾಳ, ಮೈಸೂರು

ಉತ್ತರ: ನಿಮ್ಮ ಟೀಮಿನಲ್ಲಿ ಊರಿನ ಮೇಲೆ ಅತಿ ಅಭಿಮಾನ ಇರೋ ಹುಡುಗ ಯಾರು? ಅವನ ಮೇಲೆ ಕಣ್ಣಿಡಿ. ರೆಡ್ ಕಾರ್ಡ್ ಬರೋದು ಅವನಿಗೇ.

ಸ್ಟೀವನ್ ಜೆರಾರ್ಡ್‌ಗಿಂತ ಲಿವರ್‌ಪೂಲ್ ಮೇಲೆ ಪ್ರೀತಿ ಇದ್ದವರು ಕಮ್ಮಿ. 2015ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಮೊದಲರ್ಧ ಬೆಂಚ್ ಮೇಲೆ ಕೂತು ಕುದಿಯುತ್ತಿದ್ದ. ದ್ವಿತೀಯಾರ್ಧ ಶುರುವಾದಾಗ ಇಳಿದ. ಎದುರಾಳಿ ಎರೆರಾನ ಕಾಲು ತುಳಿದ. 38 ಸೆಕೆಂಡಿಗೆ ರೆಡ್ ಕಾರ್ಡ್! ತಂಡ 2–1ರಲ್ಲಿ ಸೋತಿತು. ಪ್ರೀತಿ ಇದ್ದದ್ದಕ್ಕೇ ಹಾಗಾಯಿತು ಸ್ವಾಮಿ. ಟೀಮಿಗೆ ಅಂಟಿಕೊಳ್ಳದ, ಹೊರಗಿನಿಂದ ಬಂದ ಆಟಗಾರ ಆ ದಿನ ಎಷ್ಟೋ ಸಲ ಜಾಸ್ತಿ ಕೆಲಸಕ್ಕೆ ಬರುತ್ತಾನೆ. ಅವನಿಗೆ ಹಳೇ ಜಗಳ ಗೊತ್ತೇ ಇರಲ್ಲ.

ನಾನು ಮಾಡುತ್ತಿದ್ದದ್ದು ಇಷ್ಟು. ಪ್ರಾಕ್ಟೀಸ್‌ನಲ್ಲಿ ಬೇಕಂತಲೇ ತಪ್ಪು ಫೌಲ್ ಕೊಡುತ್ತಿದ್ದೆ. ವಾದ ಮಾಡಿದವನು ಎರಡು ನಿಮಿಷ ಗೆರೆಯಾಚೆ ನಿಲ್ಲಬೇಕು. ಉಳಿದವರು ಒಬ್ಬ ಕಮ್ಮಿಯಾಗಿ ಆಡಬೇಕು. ಕೋಪ ಬಂದರೆ ಯಾರಿಗೆ ತೊಂದರೆ ಅಂತ ಅವರಿಗೇ ಗೊತ್ತಾಗುತ್ತೆ. ಪಂದ್ಯದ ದಿನ ಮೊದಲ ಹತ್ತು ನಿಮಿಷ ಸ್ಲೈಡಿಂಗ್ ಟ್ಯಾಕಲ್ ಬೇಡ ಅಂತ ಕಡ್ಡಾಯ ಮಾಡಿ. ನಮ್ಮ ಕೆಮ್ಮಣ್ಣಿನ ಮೈದಾನದಲ್ಲಿ ಜಾರಿದರೆ ತೊಡೆ ಚರ್ಮ ಹೇಗೂ ಕಿತ್ತು ಬರುತ್ತೆ. ರೆಫರಿ ಹತ್ತಿರ ಕ್ಯಾಪ್ಟನ್ ಒಬ್ಬನೇ ಮಾತಾಡಲಿ. ಬೆಳಿಗ್ಗೆಯೇ ಮೊಬೈಲ್ ಎತ್ತಿಡಿ, ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಪಂದ್ಯ ಮುಗಿದಿರುತ್ತೆ. ಇನ್ನು ಹಾಫ್‌ಟೈಮಿನಲ್ಲಿ ‘ಹೊಡಿಯೋ ಅವನ್ನ’ ಅಂತ ಬರೋ ಸೋದರಮಾವಂದಿರನ್ನು ದಯವಿಟ್ಟು ಹಗ್ಗದಾಚೆಗೆ ನಿಲ್ಲಿಸಿ.

ಪ್ರಶ್ನೆ: ನನ್ನ ಮಗ ಬೆಂಗಳೂರು ಎಫ್‌ಸಿ ಹುಚ್ಚ. ಚೆಟ್ರಿ ಬಿಟ್ಟು ಬೇರೆ ಹೆಸರು ಎತ್ತಲ್ಲ. ಹಾಸ್ಟೆಲಿನಲ್ಲಿ ಕೇರಳದ ಹುಡುಗನ ಜೊತೆ ಮಾತು ಬಿಟ್ಟಿದ್ದಾನೆ.
– ತಾಯಿ, ಶ್ರೀರಂಗಪಟ್ಟಣ

ಉತ್ತರ: ಗೊತ್ತಾಯಿತು ತಾಯಿ, 2023ರ ಮಾರ್ಚ್‌ನ ಪಂದ್ಯದ ಗಾಯ ಇನ್ನೂ ಆರಿಲ್ಲ. ಎದುರಾಳಿ ಕೇರಳ ಬ್ಲಾಸ್ಟರ್ಸ್ ಚೆಂಡಿಗೆ ಅಡ್ಡವಾಗಿ ಆಟಗಾರರ ಗೋಡೆ ಇನ್ನೂ ಕಟ್ಟುತ್ತಿರುವಾಗಲೇ ಚೆಟ್ರಿ ಫ್ರೀಕಿಕ್ ಹೊಡೆದರು. ಗೋಲಾಯಿತು. ಬ್ಲಾಸ್ಟರ್ಸ್‌ನವರು ಮೈದಾನ ಬಿಟ್ಟು ಹೋದರು. ಕೊನೆಗೆ ಆ ಕ್ಲಬ್‌ಗೆ ನಾಲ್ಕು ಕೋಟಿ ದಂಡ ಬಿತ್ತು.

ನಿಮ್ಮ ಮಗನಿಗೆ ಒಂದು ವಿಷಯ ತಿಳಿಸಿ. ಚೆಟ್ರಿ 2002ರಲ್ಲಿ ಮೋಹನ್ ಬಗಾನ್ ಸೇರಿದರು. ಆಮೇಲೆ ಈಸ್ಟ್ ಬೆಂಗಾಲ್‌ಗೂ ಆಡಿದರು. ಮತ್ತೆ ಮೋಹನ್ ಬಗಾನ್. ಮದುವೆ ಆಗಿದ್ದೂ ಮೋಹನ್ ಬಗಾನ್‌ನ ಹಳೇ ಹುಲಿ ಸುಬ್ರತೋ ಭಟ್ಟಾಚಾರ್ಯ ಅವರ ಮಗಳನ್ನು! ಬೆಂಗಳೂರಿಗೆ ಬಂದಿದ್ದು 2013ರಲ್ಲಿ. 2024ರ ಆಗಸ್ಟ್‌ನಲ್ಲಿ ಕೊಲೆಯಾದ ಕೋಲ್ಕತ್ತಾದ ವೈದ್ಯೆಗೆ ನ್ಯಾಯ ಬೇಕು ಅಂತ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಅಭಿಮಾನಿಗಳು ಒಟ್ಟಿಗೆ ಬೀದಿಗಿಳಿದರು. ಇವನಿಗೆ ಹಾಸ್ಟೆಲಿನಲ್ಲಿ ಮಾತಾಡೋಕೇನು ಕಷ್ಟ?

ಪ್ರಶ್ನೆ: ಹಾಗಾದರೆ ಕೊನೆತನಕ ಒಂದೇ ಟೀಮಿಗೆ ನಿಂತವರು ಯಾರೂ ಇಲ್ವಾ ಮೇಷ್ಟ್ರೇ?
– ಓದುಗ, ಮದ್ದೂರು

ಉತ್ತರ: ಇದ್ದಾರೆ. ಸೈಲೆನ್ ಮನ್ನಾ 1942ರಲ್ಲಿ ಮೋಹನ್ ಬಗಾನ್ ಸೇರಿ 1960ರ ತನಕ ಅಲ್ಲೇ ಇದ್ದರು. ಎದುರು ಕಡೆ ಈಸ್ಟ್ ಬೆಂಗಾಲ್‌ನಲ್ಲಿ 1949ರಿಂದ ಹತ್ತು ವರ್ಷ ನಿಂತವರು ಅಹ್ಮದ್ ಖಾನ್. ಅಲ್ಲಿನ ಐದು ಫಾರ್ವರ್ಡ್‌ಗಳನ್ನು ಪಂಚಪಾಂಡವರು ಅಂತ ಕರೆಯುತ್ತಿದ್ದರು, ಅವರಲ್ಲೊಬ್ಬರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ಆಡಿದವರು. ಅವರು ನಮ್ಮ ಬೆಂಗಳೂರಿನವರು ಕಣಪ್ಪಾ. ಕೋಲ್ಕತ್ತಾದಲ್ಲಿ ಈಗಲೂ ಅವರ ಹೆಸರು ಹೇಳುತ್ತಾರೆ. ಇಲ್ಲಿ ಹೇಳಿದರೆ ‘ಯಾರು?’ ಅಂತಾರೆ.