ಮೂರನೇ ವಚನಕ್ಕೇ ನಿಲ್ಲಬೇಡ

ಪ್ರಶ್ನೆ: ಎಂ.ಎ. ಇಂಗ್ಲಿಷ್ ಓದುತ್ತಿದ್ದೇನೆ. ಇಂಗ್ಲೆಂಡಿನ ಲೇಖಕಿ ಪಿ.ಡಿ. ಜೇಮ್ಸ್ ಅವರ ‘ದಿ ಚಿಲ್ಡ್ರನ್ ಆಫ್ ಮೆನ್’ ಕಾದಂಬರಿ ಮುಗಿಸಿ ಹದಿನೈದು ದಿನವಾಯಿತು, ಮನಸ್ಸಿಗೆ ಕವಿದ ಮಂಕು ಸರಿಯುತ್ತಿಲ್ಲ. ಮಕ್ಕಳೇ ಹುಟ್ಟದ ಆ ಲೋಕ ನಮ್ಮೂರಿನಂತೆಯೇ ಕಂಡಿತು. ಇಲ್ಲಿ ಶಾಲೆಗೆ ಬೀಗ ಬಿದ್ದಿದೆ, ಮನೆಮನೆಯಲ್ಲೂ ವಯಸ್ಸಾದವರೇ. ಅಜ್ಜಿ ಮಾತ್ರ ದಿನಾ ಸಂಜೆ ದೀಪ ಹಚ್ಚಿ ಹಾಡುತ್ತಾಳೆ. ನಂಬಿಕೆಯೆಂದರೆ ಕಣ್ಣು ಮುಚ್ಚಿಕೊಳ್ಳುವುದೇ ಅಲ್ಲವೇ?
– ಓದುಗಿ, ತೀರ್ಥಹಳ್ಳಿ

ಉತ್ತರ: ಮಗಳೇ, ಅದನ್ನು ಓದಿದಾಗ ನನಗೂ ಹೀಗೇ ಆಗಿತ್ತು. ಆ ಕಾದಂಬರಿಯಲ್ಲಿ 1995ರಿಂದ ಈಚೆಗೆ ಭೂಮಿಯ ಮೇಲೆ ಒಂದು ಕೂಸೂ ಹುಟ್ಟಿಲ್ಲ. ಕಥೆ ಶುರುವಾಗುವುದು 2021ರ ಜನವರಿ 1ಕ್ಕೆ. ಹೆಂಗಸರು ಗೊಂಬೆಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಬೀದಿಯಲ್ಲಿ ಅಡ್ಡಾಡುತ್ತಾರೆ. ಬೆಕ್ಕಿನ ಮರಿಗೆ ದೀಕ್ಷಾಸ್ನಾನ ಮಾಡಿಸುತ್ತಾರೆ. ಬಿಳಿಬಟ್ಟೆ ತೊಡಿಸಿದ ಮುದುಕಿಯರನ್ನು ಬ್ಯಾಂಡು ಬಾರಿಸಿ ಸಮುದ್ರಕ್ಕೆ ಸಾಗಹಾಕುತ್ತಾರಲ್ಲ, ಆ ಪುಟಕ್ಕೆ ಬಂದಾಗ ಪುಸ್ತಕ ಕವುಚಿಟ್ಟು ಅಂಗಳಕ್ಕೆ ಹೋಗಿ ನಿಂತಿದ್ದೆ.

ಜೇಮ್ಸ್ ಕತ್ತಲೆಯನ್ನು ದೂರದಿಂದ ಕಂಡವರಲ್ಲ. ಗಂಡ ಯುದ್ಧದಿಂದ ಮನೋರೋಗಿಯಾಗಿ ಮರಳಿದರು. ಇಬ್ಬರು ಹೆಣ್ಣುಮಕ್ಕಳ ಸಂಸಾರವನ್ನು ಆಕೆಯೇ ಆಸ್ಪತ್ರೆ ಆಡಳಿತದಲ್ಲಿ ದುಡಿದು ತೂಗಿಸಿದರು. ಆಕೆ ನಂಬಿಕೆಯುಳ್ಳ ಕ್ರೈಸ್ತರು. ಕಾದಂಬರಿಯ ಹೆಸರು ಬಂದದ್ದು ಬೈಬಲಿನ, ಅಂದರೆ ಸತ್ಯವೇದದ, 90ನೇ ಕೀರ್ತನೆಯ ಮೂರನೇ ವಚನದಿಂದ, ಮನುಷ್ಯರು ಮಣ್ಣಿಗೆ ಮರಳುವ ಮಾತಿನಿಂದ. ನೀನು ಅಲ್ಲೇ ನಿಂತುಬಿಟ್ಟಿದ್ದೀಯೆ ಎನಿಸುತ್ತದೆ.

ಆ ಕೀರ್ತನೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಬೆಳಗ್ಗೆ ಚಿಗುರಿದ ಹುಲ್ಲು ಸಂಜೆಗೆ ಬಾಡುತ್ತದೆ, ಆಯುಷ್ಯ ಎಪ್ಪತ್ತು, ಗಟ್ಟಿಯಿದ್ದರೆ ಎಂಬತ್ತು ಎಂದು ಮುಖಕ್ಕೇ ಹೇಳುತ್ತದೆ. ಅಷ್ಟೆಲ್ಲ ಹೇಳಿದ ಮೇಲೆ 17ನೇ ವಚನದಲ್ಲಿ, ನಮ್ಮ ಕೈಕೆಲಸ ಉಳಿಯಲಿ ಎಂದು ಎರಡೆರಡು ಸಲ ಬೇಡುತ್ತದೆ.

ನನ್ನ ಅಪ್ಪ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕಾರ್ಖಾನೆ ಮುಚ್ಚಿದ ವರ್ಷ ಅವರ ಸತ್ಯವೇದದಲ್ಲಿ ಆ ವಚನದ ಕೆಳಗೆ ಪೆನ್ಸಿಲಿನ ಗೀಟು ಬಿತ್ತು, ಪಕ್ಕದಲ್ಲಿ ಬರೀ ತಾರೀಖು. ಅವರನ್ನು ಮಣ್ಣು ಮಾಡಿದ ದಿನ ಚರ್ಚಿನ ಸಭಾಪಾಲಕರು ಅದೇ ಕೀರ್ತನೆ ಓದಿದರು. ಜೋರು ಮಳೆ. ಕೊಡೆ ಹಿಡಿದು ನಿಂತವರಲ್ಲಿ ಅರ್ಧಕ್ಕರ್ಧ ಜನ ಕೆಲಸ ಕಳೆದುಕೊಂಡ ಹಂಚಿನವರೇ. ಎಲ್ಲರೂ ಕೊನೆಯ ವಚನದವರೆಗೂ ನಿಂತಿದ್ದರು.

ಕಾದಂಬರಿಯ ಕಡೆಯ ಸಾಲನ್ನು ಇನ್ನೊಮ್ಮೆ ಓದು. ದೇವರನ್ನು ನಂಬದ ಕಥಾನಾಯಕ ಥಿಯೋ, ತನ್ನ ಕಣ್ಣೀರೂ ಬಾಣಂತಿಯ ರಕ್ತವೂ ಮೆತ್ತಿದ ಹೆಬ್ಬೆರಳಿನಿಂದ, ಕಡೆಗೂ ಹುಟ್ಟಿದ ಕೂಸಿನ ಹಣೆಗೆ ಶಿಲುಬೆ ಬರೆಯುತ್ತಾನೆ. ತಾಯಿ ಕೇಳಿಕೊಂಡಳು, ಅವನು ಮಾಡಿದ.

ಶಾಲೆಯ ಬೀಗ ನಿನ್ನ ಅಜ್ಜಿಗೆ ಕಾಣುವುದಿಲ್ಲ ಎಂದುಕೊಂಡೆಯಾ? ಆ ಶಾಲೆಗೆ ಮಕ್ಕಳು ಓಡಿಬರುತ್ತಿದ್ದ ಕಾಲವನ್ನೂ ಕಂಡವರು ಅವರು. ನಿನಗೆ ನಂಬಿಕೆ ಬಾರದಿದ್ದರೂ ಸರಿ, ಈ ವಾರ ದೀಪದ ಬತ್ತಿ ನೀನೇ ಹೊಸೆದು ಕೊಡು, ಪಕ್ಕದಲ್ಲಿ ಕೂತು ಹಾಡು ಕಲಿ. ಯಾವ ಹಾಡು ಎಂದು ನನಗೂ ಬರೆದು ತಿಳಿಸು.