ಮನೆಗೂ ಬ್ಯಾಂಡ್‌ಗೂ ಒಂದೇ ಟ್ಯೂಬ್ ಆ್ಯಂಪ್: 5 ವಾಟ್ ಸಾಕಾ, 15 ಬೇಕಾ, 40 ಬೇಕಾ?

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೆಯ ತಲೆನೋವು ನೆನಪಾಯಿತು. ಎರಡು ವರ್ಷದಿಂದ ಚಿಕ್ಕ ಟ್ರಾನ್ಸಿಸ್ಟರ್ ಆ್ಯಂಪ್‌ನಲ್ಲಿ ಗಿಟಾರ್ ನುಡಿಸುತ್ತಿದ್ದೀರಿ. ಈಗ ವಾರಕ್ಕೊಮ್ಮೆ ಡ್ರಮ್ಸ್ ಇರುವ ಬ್ಯಾಂಡ್ ಜೊತೆ ಪ್ರಾಕ್ಟೀಸ್ ಶುರುವಾಗಿದೆ. ಬ್ಲೂಸ್, ಹಳೆಯ ರಾಕ್ ಜಾಸ್ತಿ, ನಡುವೆ ಸ್ವಲ್ಪ ಗಡುಸಾದದ್ದೂ ಇದೆ. ಮೊದಲ ಟ್ಯೂಬ್ ಆ್ಯಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್‌ಗಳಿಂದ ಶಬ್ದ ಹಿಗ್ಗಿಸುವ ಆ್ಯಂಪ್) ತಗೋಬೇಕು, ರಾತ್ರಿ ಮನೆಯಲ್ಲಿ ನುಡಿಸೋಕೂ ಅದೇ ಆಗಬೇಕು. 5 ವಾಟಿನದು ತಗೊಂಡು ಬ್ಯಾಂಡ್‌ನಲ್ಲಿ ಹೇಗೋ ಸುಧಾರಿಸಿಕೊಳ್ಳಲಾ, ಇಲ್ಲ 40 ವಾಟಿನದು ತಗೊಂಡು ಮನೆಯಲ್ಲಿ ಸಣ್ಣಗೆ ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ.

ನನ್ನ ಉತ್ತರ: ಬ್ಯಾಂಡ್‌ಗೆ ಅಂತಲೇ ಆರಿಸಿ. 15ರಿಂದ 20 ವಾಟ್, 12 ಇಂಚಿನ ಒಂದು ಸ್ಪೀಕರ್, ಮಾಸ್ಟರ್ ವಾಲ್ಯೂಮ್ (ಒಟ್ಟು ಜೋರನ್ನು ಕೊನೆಯಲ್ಲಿ ತಗ್ಗಿಸುವ ನಾಬ್) ಇರುವ ಕಾಂಬೊ, ಅಂದರೆ ಆ್ಯಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು. ಮನೆಯ ಸಮಸ್ಯೆ ವಾಟ್ ಕಡಿಮೆ ಮಾಡಿದರೆ ಬಗೆಹರಿಯುವುದಿಲ್ಲ. ಅದಕ್ಕೆ ಬೇರೆ ದಾರಿಗಳಿವೆ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ನನ್ನ ಮೊದಲ ಟ್ಯೂಬ್ ಆ್ಯಂಪ್ 50 ವಾಟಿನ ಹೆಡ್ (ಸ್ಪೀಕರ್ ಇಲ್ಲದ ಆ್ಯಂಪ್), ಜೊತೆಗೆ ನಾಲ್ಕು ಸ್ಪೀಕರಿನ ಕ್ಯಾಬಿನೆಟ್. ಮುಂದೆ ಸ್ಟೇಜಿಗೆ ಬೇಕಾಗುತ್ತೆ ಅಂತ ನನ್ನನ್ನು ನಾನೇ ನಂಬಿಸಿಕೊಂಡು ತಂದಿದ್ದೆ. ಮನೆಯಲ್ಲಿ ಅದರ ವಾಲ್ಯೂಮ್ ನಾಬ್ ಜೊತೆ ಪಟ್ಟ ಪಾಡು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೊನ್ನೆಯಲ್ಲಿ ಏನೂ ಇಲ್ಲ. ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿದರೆ ಆಗಲೂ ಏನೂ ಇಲ್ಲ. ಇನ್ನೊಂದು ಕೂದಲೆಳೆ ತಿರುಗಿಸಿದೆ ಅನ್ನುವಷ್ಟರಲ್ಲಿ ಕಿಟಕಿ ಗಾಜು ಗಡಗಡ! ನನ್ನ ಮನೆಯಲ್ಲಿದ್ದ ಅಷ್ಟೂ ದಿನ ಆ ನಾಬ್ 1ರ ಗೆರೆ ಮುಟ್ಟಲಿಲ್ಲ. ಪ್ರಾಕ್ಟೀಸಿಗೆ ಹೊತ್ತುಕೊಂಡು ಹೋದಾಗಲೂ 3 ದಾಟುವ ಮೊದಲೇ ಹಾಡುವವರು ಹಾಡು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ವರ್ಷ ತುಂಬುವ ಮೊದಲೇ ಮಾರಿ, 15 ವಾಟಿನ ಕಾಂಬೊ ತಂದೆ. ತಮಾಷೆ ಅಂದರೆ, ಅದೇ ಕೋಣೆಯಲ್ಲಿ ಅದೇ ಡ್ರಮ್ಸ್ ಎದುರು ನುಡಿಸಿದಾಗ ಗಿಟಾರ್ ಸಣ್ಣಗಾಯಿತು ಅಂತ ಒಬ್ಬರೂ ಹೇಳಲಿಲ್ಲ.

ಅದಕ್ಕೆ ಕಾರಣ ಇದೆ. ವಾಟ್ ಎರಡು ಪಟ್ಟಾದರೆ ಜಾಸ್ತಿಯಾಗುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವಾಟ್ ಹತ್ತು ಪಟ್ಟಾಗಬೇಕು. 15 ವಾಟಿಗೂ 50 ವಾಟಿಗೂ ನಡುವೆ ಇರುವುದು 5 ಡೆಸಿಬಲ್ ಚಿಲ್ಲರೆ ಅಷ್ಟೇ. ವಾಟ್ ಜಾಸ್ತಿ ಇದ್ದರೆ ನಿಜವಾಗಿ ಸಿಗುವುದು ಬೇರೆ: ಶಬ್ದ ಒಡೆಯದೆ, ಅಂದರೆ ಗುರ್ ಅಂತ ಒರಟಾಗದೆ, ಕ್ಲೀನ್ ಆಗಿಯೇ ಎಷ್ಟು ಜೋರಿನವರೆಗೆ ಹೋಗಬಹುದು ಅನ್ನುವುದು.

ಈಗ ಮನೆಯ ಲೆಕ್ಕ ನೋಡಿ. ಸಾಮಾನ್ಯ ಗಿಟಾರ್ ಸ್ಪೀಕರಿಗೆ 1 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 98 ಡೆಸಿಬಲ್ ಶಬ್ದ ಬರುತ್ತದೆ. ಅದೇ ಒಂದು ಕೋಣೆಗೆ ಕಿರುಚಾಟ. ರಾತ್ರಿ ಮನೆಯಲ್ಲಿ ನುಡಿಸೋಕೆ 75 ಡೆಸಿಬಲ್ ಧಾರಾಳ ಸಾಕು. ಅದಕ್ಕೆ ಸ್ಪೀಕರಿಗೆ ಬೇಕಾದದ್ದು ಒಂದು ವಾಟಿನ ಇನ್ನೂರರಲ್ಲಿ ಒಂದು ಪಾಲು, 5 ಮಿಲಿವಾಟ್! ಹಾಗಿರುವಾಗ 5 ವಾಟಿನ ಆ್ಯಂಪ್ ಕೂಡ ಮನೆಗೆ ಸಾವಿರ ಪಟ್ಟು ದೊಡ್ಡದು. ಪೂರ್ತಿ ಏರಿಸಿದರೆ ಅದೂ 105 ಡೆಸಿಬಲ್ ಕೊಡುತ್ತದೆ. ಚಿಕ್ಕದು ತಗೊಂಡರೆ ಮನೆಯಲ್ಲೇ ಪವರ್ ಟ್ಯೂಬ್‌ಗಳನ್ನು (ಸ್ಪೀಕರಿಗೆ ಶಕ್ತಿ ಕೊಡುವ ಟ್ಯೂಬ್‌ಗಳು) ಬೆವರಿಳಿಸಿ, ಅಲ್ಲಿ ಶಬ್ದ ಒಡೆದಾಗ ಬರುವ ಆ ಪ್ರಸಿದ್ಧ ಟೋನ್ ಪಡೆಯಬಹುದು ಅನ್ನುವುದು ಅಂಗಡಿಯ ಮಾತು. ಮನೆಯಲ್ಲಿ ಒಂಟಿಯಾಗಿದ್ದು, ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ಸರಿ.

ಹಾಗಂತ 5 ವಾಟ್ ಬ್ಯಾಂಡ್‌ಗಾದರೂ ಆಗುತ್ತಾ ಅಂದರೆ, ಡ್ರಮ್ಸ್ ಜೋರಾಗಿ ಹೊಡೆದರೆ 100 ಡೆಸಿಬಲ್ ಸುಲಭವಾಗಿ ದಾಟುತ್ತದೆ. ಒಡೆದ ಶಬ್ದವೇ ಬೇಕು ಅನ್ನುವವರಿಗೆ 5 ವಾಟ್ ಹೇಗೋ ನಡೆಯುತ್ತದೆ. ಮೃದುವಾಗಿ ಒಂದು ಕಾರ್ಡ್ ಮೀಟಿ ಅದು ಸ್ವಚ್ಛವಾಗಿ ಕೇಳಬೇಕು ಅಂದರೆ ಆಗುವುದಿಲ್ಲ. ಮೈಕ್ ಇಟ್ಟರೆ ಆ ಮಾತು ಬೇರೆ, ಆದರೆ ಪ್ರಾಕ್ಟೀಸ್ ಕೋಣೆಯಲ್ಲಿ ಪ್ರತಿ ವಾರ ಯಾರು ಮೈಕ್ ಇಡುತ್ತಾರೆ?

ಮನೆಗೆ ಏನು ಮಾಡೋದು ಅನ್ನುವುದಕ್ಕೆ ಮೊದಲು ಮಾಸ್ಟರ್ ವಾಲ್ಯೂಮ್. ಟ್ಯೂಬ್ ಆ್ಯಂಪ್‌ನಲ್ಲಿ ಶಬ್ದ ಎರಡು ಕಡೆ ಒಡೆಯಬಹುದು: ಮುಂದಿನ ಚಿಕ್ಕ ಪ್ರೀಆ್ಯಂಪ್ ಟ್ಯೂಬ್‌ಗಳಲ್ಲಿ (ಹೆಚ್ಚಾಗಿ 12ಎಎಕ್ಸ್7 ಅನ್ನುವ ಮಾದರಿ), ಹಿಂದಿನ ಪವರ್ ಟ್ಯೂಬ್‌ಗಳಲ್ಲಿ. ಗೇನ್ (ಪ್ರೀಆ್ಯಂಪ್ ಎಷ್ಟು ಹಿಗ್ಗಿಸಬೇಕು ಅನ್ನುವ ನಾಬ್) ಏರಿಸಿ ಮಾಸ್ಟರ್ ಇಳಿಸಿದರೆ ಮೊದಲನೆಯದು ಸಣ್ಣ ಶಬ್ದದಲ್ಲೂ ಸಿಗುತ್ತದೆ. ಎರಡನೆಯದು ಜೋರಾಗಿ ನುಡಿಸಿದರೆ ಮಾತ್ರ. ಆದರೆ ಸಣ್ಣ ಶಬ್ದದಲ್ಲಿ ಟೋನ್ ತೆಳ್ಳಗೆ ಕೇಳಿದರೆ ಪೂರ್ತಿ ತಪ್ಪನ್ನು ಆ್ಯಂಪ್ ಮೇಲೆ ಹಾಕಬೇಡಿ. ಶಬ್ದ ಕಡಿಮೆಯಾದಂತೆ ನಮ್ಮ ಕಿವಿಗೆ ಬೇಸ್ ಕೇಳುವುದು ಉಳಿದದ್ದಕ್ಕಿಂತ ಜಾಸ್ತಿ ಕುಗ್ಗುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಮನೆಯಲ್ಲಿ ಬೇಸ್ ನಾಬ್ ಸ್ವಲ್ಪ ಏರಿಸಿ, ಬ್ಯಾಂಡ್‌ಗೆ ಹೋದಾಗ ಇಳಿಸಿ. ಮನೆಯ ಸೆಟ್ಟಿಂಗ್ ಅಲ್ಲಿಗೆ ಒಯ್ದರೆ ಬರೀ ಗುಡುಗುಡು ಕೇಳುತ್ತದೆ.

ಎಫೆಕ್ಟ್ಸ್ ಲೂಪ್ (ಪ್ರೀಆ್ಯಂಪ್‌ಗೂ ಪವರ್ ಟ್ಯೂಬ್‌ಗೂ ನಡುವೆ ಪೆಡಲ್ ಸೇರಿಸುವ ಜಾಗ) ಇದ್ದರೆ ಒಂದು ಅಗ್ಗದ ಉಪಾಯವಿದೆ. ಆ ಲೂಪಿನಲ್ಲಿ ಒಂದು ವಾಲ್ಯೂಮ್ ಪೆಡಲ್ ಹಾಕಿ. ಅದನ್ನು ಇಳಿಸಿಟ್ಟರೆ ಆ್ಯಂಪ್‌ನ ನಾಬ್ ಅನ್ನು 3ರಲ್ಲೋ 4ರಲ್ಲೋ ಆರಾಮಾಗಿ ಇಡಬಹುದು. ಕೂದಲೆಳೆ ಕಸರತ್ತು ತಪ್ಪುತ್ತದೆ. ಪವರ್ ಟ್ಯೂಬ್ ಶಬ್ದವೇ ಬೇಕು ಅಂದರೆ ಆ್ಯಂಪ್‌ಗೂ ಸ್ಪೀಕರಿಗೂ ನಡುವೆ ಅಟೆನ್ಯುಯೇಟರ್ ಹಾಕುತ್ತಾರೆ. ಅದು ಬಹುಪಾಲು ಶಕ್ತಿಯನ್ನು ಬಿಸಿಯಾಗಿ ಉರಿಸಿಬಿಡುತ್ತದೆ. ಆ್ಯಂಪ್, ಸ್ಪೀಕರ್ ಎರಡರ ಓಮ್ (ವಿದ್ಯುತ್ ತಡೆಯ ಅಳತೆ) ಅದಕ್ಕೆ ಹೊಂದಬೇಕು, ಟ್ಯೂಬ್ ಬೇಗ ಸವೆಯುತ್ತದೆ, ದುಡ್ಡೂ ಬೇಕು. ಮೊದಲ ವರ್ಷ ಅದರ ಗೋಜಿಗೆ ಹೋಗಬೇಡಿ.

ಇನ್ನೊಂದು ಮಾತು ಟ್ಯೂಬ್ ಭಕ್ತರಿಗೆ ಹಿಡಿಸಲಿಕ್ಕಿಲ್ಲ: ನಿಮ್ಮ ಆ ಚಿಕ್ಕ ಟ್ರಾನ್ಸಿಸ್ಟರ್ ಆ್ಯಂಪ್ ಮಾರಬೇಡಿ. ರಾತ್ರಿ ಹನ್ನೊಂದಕ್ಕೆ ಸ್ಕೇಲ್ ಪ್ರಾಕ್ಟೀಸ್ ಮಾಡೋಕೆ, ಹೆಡ್‌ಫೋನ್ ಹಾಕಿಕೊಂಡು ಕೂರೋಕೆ ಅದೇ ವಾಸಿ. ನನ್ನದು ಇನ್ನೂ ಮಂಚದ ಪಕ್ಕದಲ್ಲೇ ಇದೆ.

ಯಾವುದು ಅಂತ ಹೆಸರು ಹೇಳಬೇಕಲ್ವಾ. ಬ್ಲೂಸ್, ಕ್ಲೀನ್ ಜಾಸ್ತಿ ಅಂದರೆ ಫೆಂಡರ್ ಬ್ಲೂಸ್ ಜೂನಿಯರ್: 15 ವಾಟ್, ಎರಡು ಇಎಲ್84 ಪವರ್ ಟ್ಯೂಬ್, 12 ಇಂಚು, ಸ್ಪ್ರಿಂಗ್ ರಿವರ್ಬ್ (ಪ್ರತಿಧ್ವನಿ), ಮಾಸ್ಟರ್ ಎಲ್ಲ ಇದೆ, ಎಫೆಕ್ಟ್ಸ್ ಲೂಪ್ ಇಲ್ಲ. ಗಂಟೆಯ ಹಾಗೆ ಮಿನುಗುವ, ಪೆಟ್ಟು ಹಾಕಿದರೆ ಗುರ್ ಅನ್ನುವ ಟೋನ್ ಇಷ್ಟ ಇದ್ದರೆ ವಾಕ್ಸ್ ಎಸಿ15. ಅದರಲ್ಲೂ ಇಎಲ್84 ಜೋಡಿಯೇ, ಆದರೂ ಸ್ವಭಾವ ಪೂರ್ತಿ ಬೇರೆ. ಹಾಗಾಗಿ ಟ್ಯೂಬಿನ ನಂಬರ್ ನೋಡಿ ಟೋನ್ ಊಹಿಸೋಕೆ ಹೋಗಬೇಡಿ, ಸರ್ಕ್ಯೂಟ್ ಮತ್ತು ಸ್ಪೀಕರ್ ಅದಕ್ಕಿಂತ ಜಾಸ್ತಿ ಮಾತಾಡುತ್ತವೆ. ನೀವು ಹೇಳಿದ ಗಡುಸು ಹಾಡುಗಳೂ ಒಂದೇ ಆ್ಯಂಪ್‌ನಲ್ಲಿ ಬರಬೇಕು ಅಂದರೆ ಮಾರ್ಷಲ್ ಡಿಎಸ್ಎಲ್20. ಎರಡು ಚಾನೆಲ್ (ಕ್ಲೀನ್‌ಗೆ ಒಂದು, ಒಡೆದ ಶಬ್ದಕ್ಕೆ ಒಂದು), ಎಫೆಕ್ಟ್ಸ್ ಲೂಪ್, 10 ವಾಟಿಗೆ ಇಳಿಸುವ ಸ್ವಿಚ್ ಇದೆ. ಆ ಸ್ವಿಚ್ ಮನೆಗೆ ದೊಡ್ಡ ಉಪಕಾರ ಮಾಡಲ್ಲ, 3 ಡೆಸಿಬಲ್ ಅಂತ ಆಗಲೇ ಹೇಳಿದೆನಲ್ಲ. ಫೆಂಡರ್ ಡಿಲಕ್ಸ್ ರಿವರ್ಬ್ ಬಹಳ ಚೆಂದ, 22 ವಾಟ್, ಆದರೆ ಮಾಸ್ಟರ್ ಇಲ್ಲ. ಅದನ್ನು ತಗೊಂಡರೆ ಮನೆಯಲ್ಲಿ ಒಡೆದ ಶಬ್ದ ಪೆಡಲ್‌ನಿಂದಲೇ ಬರಬೇಕು. ನಿಮ್ಮ ಪಟ್ಟಿ ನೋಡಿದರೆ ನನ್ನ ಮತ ಡಿಎಸ್ಎಲ್20ಕ್ಕೆ. ಕ್ಲೀನ್ ಚಾನೆಲ್ ನಿಮಗೆ ಹಿಡಿಸದಿದ್ದರೆ ಬ್ಲೂಸ್ ಜೂನಿಯರ್ ಮತ್ತು ಶಬ್ದ ಒಡೆಸುವ ಒಂದು ಒಳ್ಳೆಯ ಓವರ್‌ಡ್ರೈವ್ ಪೆಡಲ್.

ಅಂಗಡಿಗೆ ನಿಮ್ಮ ಗಿಟಾರನ್ನೇ ತಗೊಂಡು ಹೋಗಿ. ಅವರು ಕೊಡುವ ದುಬಾರಿ ಗಿಟಾರಿನಲ್ಲಿ ಎಲ್ಲ ಆ್ಯಂಪೂ ಚೆನ್ನಾಗಿಯೇ ಕೇಳುತ್ತದೆ. ಮೊದಲು ಮನೆಯಲ್ಲಿ ನುಡಿಸುವಷ್ಟೇ ಸಣ್ಣ ಶಬ್ದಕ್ಕೆ ಇಟ್ಟು, ನಾಬ್ ನಿಧಾನವಾಗಿ ಏರುತ್ತದಾ, ಒಮ್ಮೆಲೇ ಹಾರುತ್ತದಾ ನೋಡಿ. ಆಮೇಲೆ ಐದು ನಿಮಿಷ ಬ್ಯಾಂಡ್ ಶಬ್ದಕ್ಕೆ ಏರಿಸಿ. ಆ್ಯಂಪ್ ಅನ್ನು ಕುರ್ಚಿ ಮೇಲಿಟ್ಟು ಕೇಳಿ. ನೆಲದ ಮೇಲಿದ್ದರೆ ಟ್ರೆಬಲ್ ಎಲ್ಲ ಮೊಣಕಾಲಿಗೆ ಹೋಗುತ್ತದೆ. ಕೇಳುತ್ತಿಲ್ಲ ಅಂತ ನೀವು ಏರಿಸುತ್ತೀರಿ, ಎದುರಿಗಿರುವವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಹಳೆಯದನ್ನು ಕೊಳ್ಳುವುದಾದರೆ ಅರ್ಧ ಗಂಟೆ ಆನ್ ಮಾಡಿಟ್ಟು ನುಡಿಸಿ. ದೋಷ ಬಿಸಿಯಾದ ಮೇಲೆಯೇ ಕಾಣುವುದು. ಹಿಂದೆ ಇಣುಕಿ ಟ್ಯೂಬ್‌ಗಳನ್ನು ನೋಡಿ. ಒಳಗೆ ಕಿತ್ತಳೆ ಬಣ್ಣದ ಎಳೆ ಉರಿಯುತ್ತಿರಬೇಕು. ಗಾಜಿನ ಹತ್ತಿರ ನೀಲಿ ಮಂಜಿನ ಹಾಗೆ ಹೊಳೆದರೂ ಚಿಂತೆಯಿಲ್ಲ. ಆದರೆ ಒಳಗಿನ ಬೂದು ತಗಡೇ ಕಾದ ಕಬ್ಬಿಣದ ಹಾಗೆ ಕೆಂಪಾಗಿದ್ದರೆ ತಕ್ಷಣ ಆಫ್ ಮಾಡಿಸಿ, ಅದು ರಿಪೇರಿ ಕೇಸು. ಪ್ರೀಆ್ಯಂಪ್ ಟ್ಯೂಬನ್ನು ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಸಣ್ಣ ಟಕ್ ಕೇಳಿದರೆ ಪರವಾಗಿಲ್ಲ, ಟಣ್ ಅಂತ ಮೊಳಗಿದರೆ ಆ ಟ್ಯೂಬ್ ಬದಲಿಸಬೇಕು. ಅದೇನೂ ದೊಡ್ಡ ಖರ್ಚಲ್ಲ. ಬೆಲೆ ಇಳಿಸೋಕೆ ಒಂದು ನೆಪ ಸಿಕ್ಕಿತು ಅಂದುಕೊಳ್ಳಿ.

ತಂದ ಮೇಲೆ ಎರಡು ವಿಷಯ ಮರೆಯಬೇಡಿ. ಸ್ಪೀಕರ್ ವೈರ್ ಕಳಚಿರುವಾಗ ಟ್ಯೂಬ್ ಆ್ಯಂಪ್ ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಹೆಡ್ ತಗೊಂಡರೆ ಕ್ಯಾಬಿನೆಟ್ಟಿಗೆ ಸ್ಪೀಕರ್ ಕೇಬಲ್ಲೇ ಹಾಕಿ. ನೋಡೋಕೆ ಒಂದೇ ಥರ ಇದೆ ಅಂತ ನಾನೊಮ್ಮೆ ಗಿಟಾರ್ ಕೇಬಲ್ ಚುಚ್ಚಿದ್ದೆ. ಎರಡನೇ ಹಾಡಿಗೆ ಶಬ್ದ ಕರಕರ ಅಂತ ಒಡೆಯತೊಡಗಿತು. ಮುಟ್ಟಿ ನೋಡಿದರೆ ಕೇಬಲ್ ಬಿಸಿ. ಆ್ಯಂಪ್ ಉಳಿದದ್ದು ಪುಣ್ಯ. ಇನ್ನೊಂದು, ಒಳಗೆ ಕೈ ಹಾಕಬೇಡಿ. 300-400 ವೋಲ್ಟ್ ಓಡಾಡುವ ಜಾಗ ಅದು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರಬಹುದು. ಹೊರಗಿನಿಂದ ಪ್ರೀಆ್ಯಂಪ್ ಟ್ಯೂಬ್ ಬದಲಿಸುವುದು, ಅದೂ ಆಫ್ ಮಾಡಿ ತಣ್ಣಗಾದ ಮೇಲೆ, ನೀವೇ ಮಾಡಬಹುದು. ಪವರ್ ಟ್ಯೂಬ್ ಆದರೆ ಅನೇಕ ಆ್ಯಂಪ್‌ಗಳಲ್ಲಿ ಬಯಾಸ್ (ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ) ಸರಿಮಾಡಬೇಕಾಗುತ್ತದೆ, ತಿಳಿದವರ ಕೈಗೆ ಕೊಡಿ.

ನಿಮ್ಮ ಬ್ಯಾಂಡ್‌ನಲ್ಲಿ ಡ್ರಮ್ಸ್ ಎಷ್ಟು ಜೋರು, ಎರಡನೇ ಗಿಟಾರ್ ಇದೆಯಾ, ಕ್ಲೀನ್ ಎಷ್ಟು ಬೇಕು ಅಂತ ಬರೆದರೆ 15ಕ್ಕೇ ನಿಲ್ಲಬಹುದಾ, 22ರವರೆಗೆ ಹೋಗಬೇಕಾ ಅಂತ ಇನ್ನಷ್ಟು ಖಚಿತವಾಗಿ ಹೇಳುತ್ತೇನೆ.